ಅಟ್ಟದ ಮೇಲಿನ ನಿಧಿ: ಫೆಂಗ್‌ಶುಯಿಯ ‘ಮನೆ ಹಗುರಗೊಳಿಸುವ’ ಬೋಧನೆಗೆ ಒಂದು ದೇವಶಾಸ್ತ್ರೀಯ ವಿಮರ್ಶೆ

ಗೃಹವಸ್ತುಗಳ ಮೇಲಿನ ಮಮತೆಯನ್ನು ಕಳಚಿಕೊಳ್ಳುವ ಬಗೆಯನ್ನು ಬೋಧಿಸುವ ಪುಸ್ತಕಗಳು ಕಳೆದ ಕಾಲು ಶತಮಾನದಲ್ಲಿ ಹಲವಾರು ಹೊರಬಂದಿವೆ. ಅವುಗಳಲ್ಲಿ ಕ್ಯಾರೆನ್ ಕಿಂಗ್‌ಸ್ಟನ್ ಎಂಬ ಆಂಗ್ಲ ಲೇಖಕಿಯ ‘ಕ್ಲಿಯರ್ ಯುವರ್ ಕ್ಲಟರ್ ವಿತ್ ಫೆಂಗ್‌ಶುಯಿ’ (1998) ಎಂಬ ಕೃತಿಗೆ ವಿಶೇಷ ಸ್ಥಾನವಿದೆ. ಚೀನೀಯರ ಫೆಂಗ್‌ಶುಯಿ ವಿದ್ಯೆಯನ್ನು ಮನೆಯ ಅಟ್ಟ, ಕಪಾಟು, ಮಂಚದ ಕೆಳಗಿನ ಪೆಟ್ಟಿಗೆಗಳಿಗೆ ಅನ್ವಯಿಸಿ, ಬೇಡದ ಸಾಮಾನನ್ನು ಹೊರಹಾಕುವುದೇ ಬಾಳಿನ ಬಿಡುಗಡೆಗೆ ದಾರಿಯೆಂಬ ವಿಚಾರವನ್ನು ಜನಪ್ರಿಯಗೊಳಿಸಿದ ಕೃತಿಯಿದು. ಈ ವಿಚಾರವು ನಮ್ಮ ನಾಡಿನಲ್ಲಿ ವಾಸ್ತುವಿನ ಜೊತೆಜೊತೆಗೆ ಹರಡಿದೆ. ನಗುವ ಬುದ್ಧ, ಮೂರು ಕಾಲಿನ ಕಪ್ಪೆ, ಕೆಂಪು ದಾರದಲ್ಲಿ ಕಟ್ಟಿದ ಚೀನೀ ನಾಣ್ಯ, ಗಾಳಿಗೆ ಕಿಣಿಕಿಣಿಸುವ ಲೋಹದ ಕೊಳವೆಗಳು ಇಂದು ಕ್ರೈಸ್ತ ಮನೆಗಳಲ್ಲಿಯೂ ಯೇಸುವಿನ ಪವಿತ್ರ ಹೃದಯದ ಚಿತ್ರದ ಪಕ್ಕದಲ್ಲಿ ಕಾಣಸಿಗುತ್ತವೆ. ‘ನಕಾರಾತ್ಮಕ ಶಕ್ತಿ’ ಎಂಬ ಮಾತು ಧ್ಯಾನಕೂಟಗಳ ಬೋಧಕರ ಬಾಯಲ್ಲಿಯೂ ಸಲೀಸಾಗಿ ಬರುತ್ತಿದೆ.

ಇಂತಹ ಸಂದರ್ಭದಲ್ಲಿ ಗುರುಗಳ ಮುಂದೆ ಎರಡು ಸುಲಭೋತ್ತರಗಳಿವೆ. ‘ಅದೆಲ್ಲ ಸೈತಾನನ ಕೆಲಸ, ಎಸೆದುಬಿಡಿ’ ಎನ್ನುವುದು ಒಂದು. ‘ಮನೆ ಚೊಕ್ಕಟವಾಗಿಟ್ಟುಕೊಂಡರೆ ತಪ್ಪೇನು’ ಎಂದು ನಕ್ಕು ಸುಮ್ಮನಾಗುವುದು ಇನ್ನೊಂದು. ಎರಡೂ ಪ್ರಶ್ನೆಯ ಆಳಕ್ಕಿಳಿಯುವುದಿಲ್ಲ. ವಸ್ತುಗಳು ಮನುಷ್ಯನನ್ನು ಹಿಡಿದಿಡುತ್ತವೆ ಎಂಬುದು ಶುಭಸಂದೇಶವೂ ಹೇಳುವ ಸತ್ಯ. ಆದರೆ ಆ ಹಿಡಿತ ಯಾವುದರಿಂದ ಉಂಟಾಗುತ್ತದೆ, ಅದರಿಂದ ಬಿಡುಗಡೆ ಎಂದರೇನು, ಬಿಟ್ಟ ವಸ್ತು ಯಾರ ಕೈ ಸೇರಬೇಕು ಎಂಬ ಮೂರು ಪ್ರಶ್ನೆಗಳಿಗೆ ಕಿಂಗ್‌ಸ್ಟನ್ ನೀಡುವ ಉತ್ತರ ಕ್ರೈಸ್ತ ವಿಶ್ವಾಸಕ್ಕೆ ಸಾಲದು ಎಂಬುದೇ ಈ ಲೇಖನದ ವಾದ. ಆ ಉತ್ತರವನ್ನು ಒರೆಗೆ ಹಚ್ಚಲು ಉತ್ತರ ಕನ್ನಡ ಜಿಲ್ಲೆಯ ಜೋಯಿಡಾ ತಾಲೂಕಿನ ಕುಂಬಾರವಾಡವನ್ನು ಆರಿಸಿಕೊಂಡಿದ್ದೇನೆ. ಮನೆಯನ್ನು, ಮನೆಯೊಳಗಿನದನ್ನು ‘ಬಿಡುವುದು’ ಎಂಬ ಮಾತಿಗೆ ಆ ಸೀಮೆಯಲ್ಲಿ ಬೇರೆಯೇ ಭಾರವಿದೆ.

1. ಗ್ರಂಥದ ವಾದ

ಕಿಂಗ್‌ಸ್ಟನ್ ಬಾಲಿ ದ್ವೀಪದಲ್ಲಿ ಹಲವು ವರ್ಷ ವಾಸವಾಗಿದ್ದು ಅಲ್ಲಿನ ಮನೆಶುದ್ಧಿಯ ಆಚರಣೆಗಳನ್ನು ಕಂಡವರು. ಮನೆಯಲ್ಲಿ ‘ಚಿ’ ಎಂಬ ಪ್ರಾಣಶಕ್ತಿ ಹರಿಯುತ್ತಿರುತ್ತದೆ, ಸಾಮಾನಿನ ರಾಶಿ ಇದ್ದಲ್ಲಿ ಅದು ಮಡುಗಟ್ಟುತ್ತದೆ, ಮಡುಗಟ್ಟಿದ ಶಕ್ತಿ ಮನೆಯವರ ಬಾಳನ್ನೂ ಮಡುಗಟ್ಟಿಸುತ್ತದೆ ಎಂಬುದು ಅವರ ಮೂಲ ಪ್ರಮೇಯ. ರಾಶಿಯನ್ನು ಅವರು ನಾಲ್ಕು ಬಗೆಯಾಗಿ ವಿಂಗಡಿಸುತ್ತಾರೆ: ಬಳಸದ ಅಥವಾ ಪ್ರೀತಿಸದ ವಸ್ತುಗಳು, ಅಸ್ತವ್ಯಸ್ತವಾಗಿ ಬಿದ್ದವು, ಇಕ್ಕಟ್ಟಿನ ಜಾಗದಲ್ಲಿ ತುಂಬಿದವು, ಅರ್ಧಕ್ಕೆ ನಿಂತ ಕೆಲಸಗಳು. ಮನೆಯ ನಕ್ಷೆಯ ಮೇಲೆ ಒಂಬತ್ತು ಚೌಕಗಳ ‘ಬಾಗುವಾ’ ಜಾಲವನ್ನು ಹರಡಿ, ಯಾವ ಮೂಲೆ ಸಂಪತ್ತಿನದು, ಯಾವುದು ದಾಂಪತ್ಯದ್ದು, ಯಾವುದು ಕೀರ್ತಿಯದು ಎಂದು ಗುರುತಿಸಲಾಗುತ್ತದೆ. ಸಂಪತ್ತಿನ ಮೂಲೆಯಲ್ಲಿ ಹಳೆಯ ಪೆಟ್ಟಿಗೆಗಳಿದ್ದರೆ ಹಣದ ತೊಡಕು, ದಾಂಪತ್ಯದ ಮೂಲೆಯಲ್ಲಿದ್ದರೆ ಸಂಸಾರದ ತೊಡಕು ಎಂಬುದು ತಾತ್ಪರ್ಯ.

ಈ ಲೆಕ್ಕಾಚಾರಕ್ಕಿಂತ ಪುಸ್ತಕದ ಜೀವಾಳವಿರುವುದು ಮಮತೆಯನ್ನು ಕುರಿತ ಅಧ್ಯಾಯಗಳಲ್ಲಿ. ಮನುಷ್ಯ ತನ್ನ ಪ್ರತಿಯೊಂದು ವಸ್ತುವಿನೊಡನೆ ಶಕ್ತಿಯ ಸೂಕ್ಷ್ಮ ಎಳೆಗಳಿಂದ ಬಂಧಿತನಾಗಿರುತ್ತಾನೆ, ಕೊಟ್ಟವರ ಭಾವನೆ ಕೊಟ್ಟ ವಸ್ತುವಿಗೂ ಅಂಟಿಕೊಂಡಿರುತ್ತದೆ, ಆದುದರಿಂದ ಇಷ್ಟವಿಲ್ಲದ ಉಡುಗೊರೆಯನ್ನು ಮುಲಾಜಿಗಾಗಿ ಇಟ್ಟುಕೊಳ್ಳಬಾರದು ಎನ್ನುತ್ತಾರೆ. ‘ಮುಂದೆ ಎಂದಾದರೂ ಬೇಕಾದೀತು’ ಎಂದು ಕೂಡಿಡುವುದು ನಾಳೆಯ ಮೇಲಿನ ಅಪನಂಬಿಕೆಯ ಗುರುತು ಎನ್ನುತ್ತಾರೆ. ಶುದ್ಧಿಯ ಈ ತರ್ಕ ಮನೆಯಿಂದ ಮನಸ್ಸಿಗೆ, ಅಲ್ಲಿಂದ ದೇಹಕ್ಕೆ, ಕೊನೆಗೆ ದೊಡ್ಡ ಕರುಳಿನ ಶುದ್ಧಿಯವರೆಗೂ ಸಾಗುತ್ತದೆ. ಬರವಣಿಗೆ ಸರಳ, ಸ್ವರದಲ್ಲಿ ಗದರಿಕೆಯಿಲ್ಲ. ಓದಿದವರು ಎದ್ದು ಹೋಗಿ ಕಪಾಟಿನ ಬಾಗಿಲು ತೆರೆಯುವಂತೆ ಮಾಡುವ ಶಕ್ತಿ ಪುಸ್ತಕಕ್ಕಿದೆ.

2. ಪರಂಪರೆ ಮತ್ತು ಪರಿಷ್ಕರಣೆ

ಫೆಂಗ್‌ಶುಯಿ ಎಂದರೆ ಗಾಳಿ ಮತ್ತು ನೀರು. ಕ್ರಿ.ಶ. 276ರಿಂದ 324ರವರೆಗೆ ಬದುಕಿದ್ದ ಗುವೊ ಪು ಎಂಬ ವಿದ್ವಾಂಸನ ಹೆಸರಿನಲ್ಲಿ ಪ್ರಚಲಿತವಾಗಿರುವ ‘ಶವಸಂಸ್ಕಾರದ ಗ್ರಂಥ’ವು ಇದರ ಪ್ರಾಚೀನ ಆಕರಗಳಲ್ಲೊಂದು. ಪೂರ್ವಜರ ಎಲುಬುಗಳನ್ನು ಎಂತಹ ನೆಲದಲ್ಲಿ ಹೂಳಿದರೆ ವಂಶಕ್ಕೆ ಶ್ರೇಯಸ್ಸು ಎಂಬುದು ಅದರ ಚಿಂತೆ. ಬೆಟ್ಟದ ಸಾಲು, ಹೊಳೆಯ ತಿರುವು, ಸಮಾಧಿ, ಸಂತತಿ ಇವೇ ಅದರ ಶಬ್ದಗಳು. ಕಪಾಟಿನ ಹಳೆಯ ಬಟ್ಟೆಗಳನ್ನು ಎಸೆಯುವ ಪ್ರಸ್ತಾಪ ಆ ಪರಂಪರೆಯ ಕೇಂದ್ರದಲ್ಲಿಲ್ಲ. ಅಲ್ಲಿ ಮುಖ್ಯವಾದುದು ಸತ್ತವರೊಡನೆ ಸಂಬಂಧವನ್ನು ಕಾಪಾಡಿಕೊಳ್ಳುವುದು, ಕಡಿದುಕೊಳ್ಳುವುದಲ್ಲ. ಬಾಗಿಲನ್ನು ಆಧಾರವಾಗಿಟ್ಟುಕೊಂಡು ಬಾಗುವಾ ಹರಡುವ ಸುಲಭ ಕ್ರಮವನ್ನು ಲಿನ್ ಯುನ್ ಎಂಬ ಗುರು 20ನೆಯ ಶತಮಾನದ ಉತ್ತರಾರ್ಧದಲ್ಲಿ ಅಮೆರಿಕದಲ್ಲಿ ಹರಡಿದರು. ಆ ಸರಳೀಕೃತ ರೂಪವು ಅನುಭೋಗಸಮಾಜದ ಆಯಾಸದೊಡನೆ ಕೂಡಿದಾಗ ‘ಮನೆ ಹಗುರಗೊಳಿಸುವ ಫೆಂಗ್‌ಶುಯಿ’ ಹುಟ್ಟಿಕೊಂಡಿತು. ಹೀಗಾಗಿ ನಾವು ಎದುರಿಸುತ್ತಿರುವುದು ಚೀನೀ ಧರ್ಮವನ್ನಲ್ಲ. ಅದರ ವೇಷ ತೊಟ್ಟ ನಮ್ಮ ಕಾಲದ ಒಂದು ಪಾಶ್ಚಾತ್ಯ ಮನೋಧರ್ಮವನ್ನು. ವಿಮರ್ಶಕರು ಈ ವಿವೇಚನೆಯನ್ನು ಮರೆತರೆ ತಪ್ಪು ವಿಳಾಸಕ್ಕೆ ಆಕ್ಷೇಪ ಕಳುಹಿಸಿದಂತಾಗುತ್ತದೆ.

ಈ ವಿವೇಚನೆಗೆ ನಮ್ಮದೇ ಇತಿಹಾಸದಲ್ಲಿ ಮಾದರಿಯಿದೆ. ಅರ್ನೆಸ್ಟ್ ಯೋಹಾನ್ ಐಟೆಲ್ ಎಂಬ ಜರ್ಮನ್ ಮಿಷನರಿ 1862ರಲ್ಲಿ ಬಾಸೆಲ್ ಮಿಷನ್ನಿನ ಪರವಾಗಿ ಹಾಂಗ್‌ಕಾಂಗಿಗೆ ಹೋಗಿ, ಅನಂತರ ಲಂಡನ್ ಮಿಷನರಿ ಸೊಸೈಟಿಯನ್ನು ಸೇರಿದರು. 1834ರಿಂದ ಮಂಗಳೂರಿನಲ್ಲಿ, 1837ರಿಂದ ಧಾರವಾಡದಲ್ಲಿ ದುಡಿದ ಮಿಷನ್ನೇ ಅದು. ಐಟೆಲ್ 1873ರಲ್ಲಿ ಫೆಂಗ್‌ಶುಯಿಯನ್ನು ಕುರಿತು ಒಂದು ಕಿರುಗ್ರಂಥ ಬರೆದರು. ಅವರು ಅದನ್ನು ಒಪ್ಪಲಿಲ್ಲ. ಆದರೂ ಅದರೊಳಗೆ ಪ್ರಕೃತಿಯನ್ನು ಅರಿಯುವ ಒಂದು ಹಂಬಲವನ್ನು ಗುರುತಿಸಿದರು. ಅದು ಏನು ಹೇಳುತ್ತದೆಂದು ಮೊದಲು ಕೇಳಿಸಿಕೊಂಡು ಆಮೇಲೆ ತೀರ್ಪು ಕೊಟ್ಟರು. ನಮ್ಮ ಕಾಲದಲ್ಲಿ ವ್ಯಾಟಿಕನ್ನಿನ ಎರಡು ಪರಿಷತ್ತುಗಳು ಸೇರಿ 2003ರಲ್ಲಿ ಹೊರಡಿಸಿದ, ‘ನವಯುಗ’ ಚಿಂತನೆಯನ್ನು ಕುರಿತ ದಸ್ತಾವೇಜು ಫೆಂಗ್‌ಶುಯಿಯನ್ನು ಗುಪ್ತವಿದ್ಯೆಗಳ ಸಾಲಿಗೆ ಸೇರಿಸಿದೆ. ಅದೇ ದಸ್ತಾವೇಜು ಇಂತಹ ವಿಚಾರಗಳತ್ತ ಜನ ಏಕೆ ವಾಲುತ್ತಾರೆ, ಧರ್ಮಸಭೆ ಅವರಿಗೆ ಏನನ್ನು ಕೊಡದೆ ಹೋಯಿತು ಎಂದು ತನ್ನನ್ನೇ ಕೇಳಿಕೊಳ್ಳುತ್ತದೆ. ನಾವು ಅದರ ಮೊದಲ ಭಾಗವನ್ನು ಉಪದೇಶದಲ್ಲಿ ಬಳಸುತ್ತೇವೆ, ಎರಡನೆಯದನ್ನು ಬಿಟ್ಟುಬಿಡುತ್ತೇವೆ.

3. ಒಪ್ಪಬೇಕಾದದ್ದು

ಕಿಂಗ್‌ಸ್ಟನ್ ಕಂಡ ರೋಗ ಕಾಲ್ಪನಿಕವಲ್ಲ. ಮನೆಯಿಂದ ಓಡಿಹೋಗುವಾಗಲೂ ರಾಖೇಲಳು ತಂದೆ ಲಾಬಾನನ ಗೃಹದೇವತೆಗಳ ವಿಗ್ರಹಗಳನ್ನು ಕದ್ದು, ಒಂಟೆಯ ತಡಿಯೊಳಗೆ ಬಚ್ಚಿಟ್ಟು ಅದರ ಮೇಲೆ ಕುಳಿತಳು. ಬಿಟ್ಟುಬರಬೇಕಾದ ಮನೆಯನ್ನು ಹೊತ್ತುಕೊಂಡೇ ಬರುವ ಮನುಷ್ಯಸ್ವಭಾವಕ್ಕೆ ಇದಕ್ಕಿಂತ ಸ್ಪಷ್ಟ ಚಿತ್ರ ಬೇಕಿಲ್ಲ. ಯಕೋಬನು ಮುಂದೆ ಬೇತೇಲಿಗೆ ಹೋಗುವ ಮುನ್ನ ಮನೆಯವರೆಲ್ಲರ ಬಳಿಯಿದ್ದ ಅನ್ಯದೇವತೆಗಳನ್ನೂ ಕಿವಿಯ ಓಲೆಗಳನ್ನೂ ತೆಗೆದುಕೊಂಡು ಶೆಕೆಮಿನ ಬಳಿ ಮರದಡಿ ಹೂಳಬೇಕಾಯಿತು.

ಚಿಕ್ಕ ವಸ್ತುವಿನ ದೊಡ್ಡ ಹಿಡಿತವನ್ನು ಮರುಭೂಮಿಯ ಪಿತೃಗಳು ಚೆನ್ನಾಗಿ ಬಲ್ಲವರು. ಜಾನ್ ಕ್ಯಾಸಿಯನ್ ತನ್ನ ‘ಸಂವಾದ’ಗಳ ಮೊದಲನೆಯದರಲ್ಲಿಯೇ ಈ ವಿಚಿತ್ರವನ್ನು ಗುರುತಿಸುತ್ತಾನೆ. ಅಪಾರ ಸಂಪತ್ತನ್ನು ತೊರೆದು ಬಂದ ಸನ್ಯಾಸಿಗಳು ಒಂದು ಚಾಕು, ಒಂದು ಸೂಜಿ, ಒಂದು ಲೇಖನಿಗಾಗಿ ಸಿಡಿಮಿಡಿಗೊಳ್ಳುತ್ತಿದ್ದರು. ತೊರೆದದ್ದು ಹೊಲಮನೆಗಳನ್ನು, ಉಳಿಸಿಕೊಂಡದ್ದು ‘ನನ್ನದು’ ಎಂಬುದನ್ನು. ಗುರುನಿವಾಸದ ಕಪಾಟನ್ನೂ ಪುಸ್ತಕಗಳ ಸಾಲನ್ನೂ ಒಮ್ಮೆ ನೋಡಿಕೊಂಡರೆ ಕ್ಯಾಸಿಯನ್ನನ ಮಾತು ಐದನೆಯ ಶತಮಾನಕ್ಕೆ ಮಾತ್ರ ಸೇರಿದ್ದಲ್ಲವೆಂದು ತಿಳಿಯುತ್ತದೆ.

ಕನ್ನಡ ಮನಸ್ಸಿಗೂ ಈ ತಿಳಿವು ಹೊಸದಲ್ಲ. ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುತ್ತಿದ್ದ ಆಯ್ದಕ್ಕಿ ಮಾರಯ್ಯ ಒಂದು ದಿನ ನಿತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ, ಅದನ್ನು ಅಲ್ಲಿಯೇ ಸುರಿದು ಬರುವಂತೆ ಹೆಂಡತಿ ಲಕ್ಕಮ್ಮ ಹೇಳಿದ ಕಥೆ ನಾಡಿಗೇ ಗೊತ್ತು. ಕುಂಬಾರವಾಡದ ಸೀಮೆಯ ಉಳವಿ ಚನ್ನಬಸವಣ್ಣನ ಜಾತ್ರೆಗೆ ಚಕ್ಕಡಿ ಕಟ್ಟಿಕೊಂಡು ಬರುವ ಜನ ಆ ಕಥೆಯ ವಾರಸುದಾರರೇ. ಆದರೆ ಲಕ್ಕಮ್ಮ ಹೆಚ್ಚಿನ ಅಕ್ಕಿಯಿಂದ ಮನೆಯ ಶಕ್ತಿ ಮಡುಗಟ್ಟುತ್ತದೆ ಎನ್ನಲಿಲ್ಲ. ಅದು ನಮ್ಮದಲ್ಲ ಎಂದಳು. ನಮ್ಮ ವಿಮರ್ಶೆ ಹೊರಡಬೇಕಾದದ್ದು ಈ ವ್ಯತ್ಯಾಸದಿಂದಲೇ.

4. ಮೂರು ಆಕ್ಷೇಪಗಳು

ಮೊದಲನೆಯದು, ಹಿಡಿತದ ಕಾರಣವನ್ನು ಕುರಿತದ್ದು. ಕಿಂಗ್‌ಸ್ಟನ್ ದೃಷ್ಟಿಯಲ್ಲಿ ಬಂಧನವಿರುವುದು ವಸ್ತುವಿನಿಂದ ಹೊರಡುವ ಎಳೆಯಲ್ಲಿ. ಕ್ರೈಸ್ತ ದೃಷ್ಟಿಯಲ್ಲಿ ಅದಿರುವುದು ಹೃದಯದಲ್ಲಿ. ನಿಧಿ ಇರುವಲ್ಲೇ ಹೃದಯವೂ ಇರುತ್ತದೆಂದು ಯೇಸುಸ್ವಾಮಿ ಬೋಧಿಸಿದಾಗ ನಿಧಿಯ ಮೇಲೆ ದೋಷ ಹೊರಿಸಲಿಲ್ಲ. ಹೃದಯದ ದಿಕ್ಕನ್ನು ತೋರಿಸಿದರು. ಸಂತ ಅಗಸ್ಟೀನ ‘ಕ್ರೈಸ್ತ ಬೋಧನೆ’ಯ ಮೊದಲ ಸಂಪುಟದಲ್ಲಿ ‘ಬಳಸುವುದು’ ಮತ್ತು ‘ಸವಿಯುವುದು’ ಎಂದು ಮಾಡಿದ ಭೇದ ಇಲ್ಲಿ ಸಹಾಯಕ್ಕೆ ಬರುತ್ತದೆ. ದೇವರೊಬ್ಬನನ್ನೇ ಕೊನೆಯ ಗುರಿಯಾಗಿ ಸವಿಯಬೇಕು. ಉಳಿದದ್ದನ್ನು ಆ ಗುರಿಯತ್ತ ಸಾಗಲು ಬಳಸಬೇಕು. ವಸ್ತುವನ್ನೇ ಗುರಿಯಾಗಿಸಿಕೊಂಡವನು ಅದರ ಆಳಾಗುತ್ತಾನೆ. ಆದುದರಿಂದ ಅಟ್ಟ ಖಾಲಿಯಾದ ಮಾತ್ರಕ್ಕೆ ಹೃದಯ ಬಿಡುಗಡೆ ಹೊಂದುವುದಿಲ್ಲ. ದುರಾತ್ಮ ಬಿಟ್ಟುಹೋದ ಮನೆಯ ಸಾಮತಿ ಇದಕ್ಕೆ ಕಠೋರ ಸಾಕ್ಷಿ. ಆ ಮನೆ ಗುಡಿಸಿ ಸಾರಿಸಿ ಅಲಂಕರಿಸಿದ್ದು, ಬರಿದಾಗಿದ್ದದ್ದು. ಹೊರಹೋದ ಆತ್ಮ ತನಗಿಂತ ಕೆಟ್ಟ ಏಳನ್ನು ಕರೆದುಕೊಂಡು ಬಂದು ಅಲ್ಲಿಯೇ ಬೀಡುಬಿಟ್ಟಿತು. ಖಾಲಿ ಕಪಾಟಿಗೂ ಇದೇ ಗತಿಯೆಂದು ಪೇಟೆ ಬಲ್ಲದು. ಹಳೆಯದನ್ನು ಹೊರಹಾಕಿದ ಮನೆ ಹೊಸದನ್ನು ಕೊಳ್ಳಲು ಸಿದ್ಧವಾದ ಮನೆಯೂ ಹೌದು.

ಎರಡನೆಯದು, ಎಲ್ಲ ಬಗೆಯ ಮಮತೆಯನ್ನೂ ಒಂದೇ ಗಂಟಿನಲ್ಲಿ ಕಟ್ಟಿದ್ದನ್ನು ಕುರಿತದ್ದು. ಆಸೆಯಿಂದ ಕೂಡಿಟ್ಟದ್ದು ಬೇರೆ, ಭಯದಿಂದ ಕೂಡಿಟ್ಟದ್ದು ಬೇರೆ, ಪ್ರೀತಿಯಿಂದ ಉಳಿಸಿಕೊಂಡದ್ದು ಬೇರೆ. ಮೂರ್ಖ ಧನವಂತ ಕಣಜಗಳನ್ನು ಕೆಡವಿ ದೊಡ್ಡ ಕಣಜ ಕಟ್ಟಿಸಲು ಹೊರಟ. ಈಜಿಪ್ಟಿನಲ್ಲಿ ಯೋಸೇಫನೂ ಕಣಜ ತುಂಬಿಸಿದ. ಹೊರನೋಟಕ್ಕೆ ಇಬ್ಬರೂ ಮಾಡಿದ್ದು ಒಂದೇ. ಧನವಂತ ತನ್ನ ಪ್ರಾಣದೊಡನೆ ಮಾತ್ರ ಮಾತಾಡಿಕೊಂಡ. ಯೋಸೇಫ ಹಸಿದ ನಾಡಿಗಾಗಿ ಕೂಡಿಟ್ಟ. ‘ಮುಂದೆ ಬೇಕಾದೀತು’ ಎಂಬುದು ಒಬ್ಬನಲ್ಲಿ ಪಾಪ, ಇನ್ನೊಬ್ಬನಲ್ಲಿ ಪ್ರಜ್ಞೆ.

ಪ್ರೀತಿಯ ವಸ್ತುವಿನ ವಿಷಯವಂತೂ ಇನ್ನೂ ಸೂಕ್ಷ್ಮ. ಯೊಪ್ಪದಲ್ಲಿ ತಬಿಥಾ ಸತ್ತಾಗ ವಿಧವೆಯರೆಲ್ಲ ಅಳುತ್ತಾ, ಆಕೆ ಬದುಕಿದ್ದಾಗ ಹೊಲಿದುಕೊಟ್ಟ ಅಂಗಿ ನಿಲುವಂಗಿಗಳನ್ನು ಪೇತ್ರನಿಗೆ ತೋರಿಸಿದರೆಂದು ಪ್ರೇಷಿತರ ಕಾರ್ಯಕಲಾಪಗಳು ಹೇಳುತ್ತವೆ. ಪೇತ್ರ ಅವರಿಗೆ ಆ ಬಟ್ಟೆಗಳನ್ನು ಬಿಟ್ಟುಬಿಡಿರೆಂದು ಉಪದೇಶಿಸಲಿಲ್ಲ. ಆ ಬಟ್ಟೆಗಳು ಮಡುಗಟ್ಟಿದ ಶಕ್ತಿಯಲ್ಲ, ಒಬ್ಬ ಶಿಷ್ಯೆಯ ದಯೆಗೆ ಸಾಕ್ಷಿ. ಸಂತ ಪೌಲ ಸೆರೆಮನೆಯಿಂದ, ಸಾವು ಹತ್ತಿರವಾಗಿರುವ ಹೊತ್ತಿನಲ್ಲಿ, ತ್ರೋವದಲ್ಲಿ ಕರ್ಪನ ಬಳಿ ಬಿಟ್ಟುಬಂದ ಮೇಲಂಗಿಯನ್ನೂ ಚರ್ಮದ ಸುರುಳಿಗಳನ್ನೂ ತರುವಂತೆ ತಿಮೊಥೇಯನಿಗೆ ಬರೆಯಿಸುತ್ತಾನೆ. ಇದ್ದುದರಲ್ಲಿ ತೃಪ್ತನಾಗಿರಲು ಕಲಿತಿದ್ದೇನೆಂದು ಫಿಲಿಪ್ಪಿಯರಿಗೆ ಬರೆದವನೂ ಅವನೇ. ಚಳಿಗೆ ಮೇಲಂಗಿ ಬೇಕೆನ್ನುವುದಕ್ಕೂ ಆತ್ಮಸ್ವಾತಂತ್ರ್ಯಕ್ಕೂ ವಿರೋಧವಿಲ್ಲ.

ಮೂರನೆಯ ಆಕ್ಷೇಪ ಎಲ್ಲಕ್ಕಿಂತ ಮುಖ್ಯವಾದುದು: ಬಿಟ್ಟ ವಸ್ತು ಎಲ್ಲಿಗೆ ಹೋಗುತ್ತದೆ? ದಾನವಾದರೂ ಆಗಬಹುದು, ಗುಜರಿಯವನ ಪಾಲಾದರೂ ಆಗಬಹುದು. ಮನೆಯಿಂದ ಹೊರಹೋಯಿತೆಂಬುದೇ ಈ ಬೋಧನೆಗೆ ಮುಖ್ಯ. ಅದರ ಕಣ್ಣು ಬಿಡುವವನ ಹಗುರತೆಯ ಮೇಲಿದೆ. ಕ್ರೈಸ್ತ ಪರಂಪರೆಯ ಕಣ್ಣು ಪಡೆಯುವವನ ಮೇಲಿದೆ. ನಾಲ್ಕನೆಯ ಶತಮಾನದಲ್ಲಿ ಕಪ್ಪದೋಕ್ಯದ ಕೈಸರೇಯದ ಬೆಸಿಲ್ ಅದೇ ಕಣಜದ ಸಾಮತಿಯ ಮೇಲೆ ಪ್ರಬೋಧನೆ ಮಾಡಿದಾಗ ವಾದವನ್ನೇ ತಲೆಕೆಳಗು ಮಾಡಿದ. ಪೆಟ್ಟಿಗೆಯಲ್ಲಿಟ್ಟ ಉಡುಪು ಬೆತ್ತಲಿರುವವನದು, ಮನೆಯಲ್ಲಿ ಉಳಿದ ರೊಟ್ಟಿ ಹಸಿದವನದು ಎಂದು ಆತ ಕಲಿಸಿದ. ಅಂದರೆ ಹೆಚ್ಚಿನ ವಸ್ತುವಿನಿಂದ ಆಗುವ ಹಾನಿ ನನ್ನ ಮನಶ್ಶಾಂತಿಗೆ ಮಾತ್ರವಲ್ಲ. ಮೊದಲು ಹಾನಿಯಾದದ್ದು ನೆರೆಯವನಿಗೆ. ಸಂತ ಬೆನೆಡಿಕ್ಟನ ನಿಯಮಾವಳಿಯ 55ನೆಯ ಅಧ್ಯಾಯದಲ್ಲಿ ಹೊಸ ಬಟ್ಟೆ ಪಡೆಯುವ ಸನ್ಯಾಸಿ ಹಳೆಯದನ್ನು ಕೂಡಲೇ ಹಿಂದಿರುಗಿಸಬೇಕು, ಅದನ್ನು ಬಡವರಿಗಾಗಿ ಎತ್ತಿಡಬೇಕು ಎಂಬ ಕಟ್ಟಳೆಯಿದೆ. ಕಪಾಟು ಇಲ್ಲಿಯೂ ಹಗುರಾಗುತ್ತದೆ, ಆದರೆ ಇನ್ನೊಬ್ಬರ ಮೈ ಬೆಚ್ಚಗಾಗುವ ಮೂಲಕ. 31ನೆಯ ಅಧ್ಯಾಯವು ಮಠದ ಪಾತ್ರೆಪರಡಿಗಳನ್ನೆಲ್ಲ ಬಲಿಪೀಠದ ಪವಿತ್ರ ಪಾತ್ರೆಗಳಂತೆ ಕಾಣಬೇಕೆನ್ನುತ್ತದೆ. ವಸ್ತುವನ್ನು ಗೌರವಿಸಲು ಬಲ್ಲವನೇ ಅದನ್ನು ಬಿಡಲೂ ಬಲ್ಲ. ಜಪಾನಿನ ಮಾರಿಯೆ ಕೊಂಡೊ ಹೊರಹಾಕುವ ವಸ್ತುವಿಗೂ ಕೃತಜ್ಞತೆ ಹೇಳಬೇಕೆಂದು ಕಲಿಸುವುದರಲ್ಲಿ ಈ ಗೌರವದ ಒಂದು ನೆರಳಾದರೂ ಇದೆ. ಆದರೆ ಕೃತಜ್ಞತೆ ಸಲ್ಲುವುದು ವಸ್ತುವಿಗಲ್ಲ, ಅದನ್ನು ಕೊಟ್ಟಾತನಿಗೆ. ಬಿಸಾಡುವ ಸಂಸ್ಕೃತಿಯನ್ನು ಕುರಿತು ಫ್ರಾನ್ಸಿಸ್ ಜಗದ್ಗುರುಗಳು 2015ರ ‘ಲೌದಾತೊ ಸಿ’ ವಿಶ್ವಪತ್ರದಲ್ಲಿ ಕೊಟ್ಟ ಎಚ್ಚರಿಕೆಯನ್ನು ಇಲ್ಲಿ ನೆನೆಯಬೇಕು. ವಸ್ತುವನ್ನು ಸುಲಭವಾಗಿ ಎಸೆಯಲು ಕಲಿತ ಕೈ ಮನುಷ್ಯರನ್ನೂ ಎಸೆಯಲು ಕಲಿಯುತ್ತದೆ.

5. ಕುಂಬಾರವಾಡದಲ್ಲಿ ಓದಿದಾಗ

ಕಾರವಾರದಿಂದ ಘಟ್ಟ ಹತ್ತಿ ಅಣಶಿಯ ಕಾಡು ದಾಟಿ ಜೋಯಿಡಾಕ್ಕೆ ಹೋಗುವ ದಾರಿಯಲ್ಲಿ ಕುಂಬಾರವಾಡವಿದೆ. ಹೆಸರಿನಲ್ಲಿಯೇ ಕುಂಬಾರರ ನೆನಪಿದೆ. ಸುತ್ತಲ ಹಳ್ಳಿಗಳಲ್ಲಿ ಕುಣಬಿ ಸಮುದಾಯದವರು ಬಹುಸಂಖ್ಯೆಯಲ್ಲಿದ್ದಾರೆ. ಗದ್ದೆಯ ಭತ್ತ, ಹಿತ್ತಲ ಗೆಡ್ಡೆಗೆಣಸು, ಕಾಡಿನ ಉತ್ಪನ್ನ ಇವೇ ಅವರ ಜೀವನಾಧಾರ. ದೀರ್ಘವಾದ ಮಳೆಗಾಲವಿರುವ ಈ ಸೀಮೆಯ ಮನೆಯ ಅಟ್ಟವನ್ನು ಕಿಂಗ್‌ಸ್ಟನ್ ನೋಡಿದ್ದರೆ ಏನೆನ್ನುತ್ತಿದ್ದರು? ಬೀಜದ ಭತ್ತ, ಮುಂದಿನ ನಾಟಿಗೆ ಎತ್ತಿಟ್ಟ ಗೆಡ್ಡೆ, ಹಗ್ಗದ ಸುರುಳಿ, ಹಳೆಯ ಕತ್ತಿಯ ಹಿಡಿ, ಒಣ ಸೌದೆ ಎಲ್ಲವೂ ‘ಮುಂದೆ ಬೇಕಾದೀತು’ ಎಂದು ಇಟ್ಟದ್ದೇ. ಬೀಜವೆಂದರೆ ‘ಮುಂದೆ ಬೇಕಾದೀತು’ ಎಂಬುದರ ಇನ್ನೊಂದು ಹೆಸರು. ಅದನ್ನು ಎತ್ತಿಡುವ ಕೈ ನಾಳೆಯನ್ನು ನಂಬಿದ ಕೈಯೇ ಹೊರತು ಅಪನಂಬಿಕೆಯದಲ್ಲ. ಅಂಗಡಿ ಬಾಗಿಲಿಗೇ ಇರುವ ನಗರದವನು ಮಾತ್ರ ಬೇಕಾದಾಗ ಮತ್ತೆ ಕೊಂಡರಾಯಿತೆಂದು ಎಲ್ಲವನ್ನೂ ಎಸೆಯಬಲ್ಲ. ಹಗುರವಾಗಿ ಬದುಕುವುದಕ್ಕೂ ಕೈಯಲ್ಲಿ ಹಣ ಬೇಕೆಂಬ ಸತ್ಯ ಪುಸ್ತಕದಲ್ಲಿ ಎಲ್ಲಿಯೂ ಮುಖ್ಯವಾಗುವುದಿಲ್ಲ.

ಹಳಿಯಾಳ, ಮುಂಡಗೋಡ ಕಡೆಯ ಆಫ್ರಿಕಾ ಮೂಲದ ಸಿದ್ದಿ ಸಮುದಾಯದಲ್ಲಿ ಹಿಂದೂಗಳೂ ಮುಸ್ಲಿಮರೂ ಕ್ರೈಸ್ತರೂ ಇದ್ದಾರೆ. ಈ ಸಮುದಾಯದ ಹೆಂಗಸರು ಹೊಲಿಯುವ ಕೌದಿಗಳು ಇಂದು ಹೊರಗಿನವರ ಗಮನವನ್ನೂ ಸೆಳೆದಿವೆ. ಹರಿದ ಸೀರೆ, ಮಕ್ಕಳ ಹಳೆಯ ಅಂಗಿ, ಗಂಡನ ಲುಂಗಿ ಎಲ್ಲವನ್ನೂ ಗಂಟು ಕಟ್ಟಿ ಇಟ್ಟಿರುತ್ತಾರೆ. ಬಿಡುವಾದಾಗ ಅಂಚಿನಿಂದ ಒಳಗೊಳಗೆ ಸಾಲುಸಾಲಾಗಿ ಹೊಲಿಗೆ ಹಾಕುತ್ತಾ, ತುಂಡುಗಳನ್ನು ಒಂದರ ಮೇಲೊಂದು ಕೂಡಿಸಿ ಹೊದಿಕೆ ಮಾಡುತ್ತಾರೆ. ನಾಲ್ಕು ಮೂಲೆಗಳಿಗೆ ಮಡಿಸಿದ ಬಟ್ಟೆಯ ‘ಫೂಲ’ ಕೂಡಿಸಿದಾಗಲೇ ಕೌದಿ ಪೂರ್ಣ. ಕ್ರೈಸ್ತ ಸಿದ್ದಿಯರ ಕೆಲವು ಕೌದಿಗಳಲ್ಲಿ ಶಿಲುಬೆಯೂ ಮೂಡುತ್ತದೆ. ಕಿಂಗ್‌ಸ್ಟನ್ ಪಟ್ಟಿಯ ಪ್ರಕಾರ ಆ ಗಂಟು ಬಳಸದ ವಸ್ತು, ಇಕ್ಕಟ್ಟಿನಲ್ಲಿ ತುರುಕಿದ ವಸ್ತು, ಅರ್ಧಕ್ಕೆ ನಿಂತ ಕೆಲಸ, ಹೀಗೆ ಮೂರು ಬಗೆಯಲ್ಲಿ ದೋಷವುಳ್ಳದ್ದು. ಆದರೆ ಅದೇ ಗಂಟು ಮುಂದಿನ ಮಳೆಗಾಲದಲ್ಲಿ ಒಂದು ಕೂಸಿನ ಮೈಯನ್ನು ಬೆಚ್ಚಗಿಡುತ್ತದೆ. ಹಳೆಯದನ್ನು ಹಿಡಿದುಕೊಳ್ಳುವುದು, ಹೊರಗೆಸೆಯುವುದು ಎಂಬ ಎರಡಲ್ಲದೆ ಮೂರನೆಯ ದಾರಿಯೊಂದಿದೆ. ಅದು ಹಳೆಯದನ್ನು ಬಿಚ್ಚಿ, ಕೂಡಿಸಿ, ಇನ್ನೊಬ್ಬರಿಗಾಗಿ ಹೊಸತಾಗಿಸುವುದು. ಎಲ್ಲವನ್ನೂ ಹೊಸತಾಗಿಸುತ್ತೇನೆ ಎಂಬ ದೇವರ ವಾಗ್ದಾನದಲ್ಲಿಯೂ ಇರುವುದು ಹಳೆಯ ಸೃಷ್ಟಿಯ ಮಾರ್ಪಾಡೇ, ಅದರ ವಿಸರ್ಜನೆಯಲ್ಲ.

ಇನ್ನೂ ಗಂಭೀರವಾದ ಸಂಗತಿಯೊಂದಿದೆ. ಈ ತಾಲೂಕಿನ ಹಿಂದಿನ ಮುಖ್ಯಪಟ್ಟಣವಾದ ಸೂಪಾ ಇಂದು ನೀರಿನಡಿಯಲ್ಲಿದೆ. ಕಾಳಿ ನದಿಗೆ 101 ಮೀಟರ್ ಎತ್ತರದ ಅಣೆಕಟ್ಟು ಕಟ್ಟಿದಾಗ, 1980ರ ದಶಕದಲ್ಲಿ, ಊರು ಮುಳುಗಿ ತಾಲೂಕಿನ ಕಚೇರಿಗಳು ಜೋಯಿಡಾಕ್ಕೆ ಬಂದವು. ಹಲವು ಕುಟುಂಬಗಳು ರಾಮನಗರದಂತಹ ಕಡೆಗಳಲ್ಲಿ ನೆಲೆ ಕಂಡುಕೊಂಡವು. ದಾಂಡೇಲಿ ಅಭಯಾರಣ್ಯ ಮತ್ತು ಅಣಶಿ ರಾಷ್ಟ್ರೀಯ ಉದ್ಯಾನ ಸೇರಿ 2007ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು. 2015ರಲ್ಲಿ ಅದಕ್ಕೆ ಕಾಳಿಯ ಹೆಸರು ಬಂತು. ಕಾಡಿನೊಳಗಿನ ಕುಟುಂಬಗಳು ಸ್ವಇಚ್ಛೆಯಿಂದ ಹೊರಬರಲು ಒಪ್ಪಿದರೆ ಕುಟುಂಬವೊಂದಕ್ಕೆ 10 ಲಕ್ಷ ರೂಪಾಯಿ ಕೊಡುವ ಯೋಜನೆಯಿತ್ತು. 2021ರಲ್ಲಿ ಆ ಮೊತ್ತ 15 ಲಕ್ಷಕ್ಕೆ ಏರಿತು. ರಸ್ತೆ, ಶಾಲೆ, ಆಸ್ಪತ್ರೆಗಳಿಗಾಗಿ ತಾವಾಗಿಯೇ ಹೊರಟವರಿದ್ದಾರೆ. ಒಲ್ಲೆವೆಂದು ಉಳಿದವರೂ ಇದ್ದಾರೆ. ಯಾರ ನಿರ್ಧಾರವನ್ನೂ ಹೊರಗಿನಿಂದ ನಿಂತು ತೂಗುವ ಅಧಿಕಾರ ನಮಗಿಲ್ಲ.

ಆದರೆ ‘ಮಮತೆ ಬಿಡಿರಿ’ ಎಂಬ ಉಪದೇಶವನ್ನು ಇಂತಹವರ ಮುಂದೆ ಹೇಳುವ ಗುರುವಿಗೆ ಹೆದರಿಕೆಯಾಗಬೇಕು. ನಾಬೋತನ ದ್ರಾಕ್ಷಿತೋಟಕ್ಕೆ ಅಹಾಬನು ಅದಕ್ಕಿಂತ ಒಳ್ಳೆಯ ತೋಟವನ್ನೋ ತಕ್ಕ ಬೆಲೆಯನ್ನೋ ಕೊಡಲು ಸಿದ್ಧನಿದ್ದ. ಲೆಕ್ಕದಲ್ಲಿ ಅನ್ಯಾಯವಿರಲಿಲ್ಲ. ಆದರೂ ಪಿತ್ರಾರ್ಜಿತವನ್ನು ಬಿಡಲಾರೆನೆಂದ ನಾಬೋತನದು ಅಂಟು, ಆಸಕ್ತಿ, ಮೋಹ ಎಂದು ಪವಿತ್ರಗ್ರಂಥ ಕರೆಯಲಿಲ್ಲ. ಅದು ನಾಬೋತನ ಪಕ್ಕದಲ್ಲಿ ನಿಂತು ಎಲೀಯನನ್ನು ಅರಸನ ಬಳಿಗೆ ಕಳುಹಿಸಿತು. ಎಲ್ಲವನ್ನೂ ಮಾರಿ ಬಡವರಿಗೆ ಕೊಡು ಎಂದು ಯೇಸುಸ್ವಾಮಿ ಹೇಳಿದ್ದು ಆಸ್ತಿಯುಳ್ಳವನಿಗೆ. ಇದ್ದ ಒಬ್ಬನೇ ಮಗನನ್ನು ಕಳೆದುಕೊಂಡ ನಾಯಿನ್ ಊರಿನ ವಿಧವೆಗೆ ವೈರಾಗ್ಯವನ್ನು ಬೋಧಿಸಲಿಲ್ಲ. ಮಗನನ್ನು ಮರಳಿ ಕೈಗಿತ್ತರು. ತ್ಯಾಗ ತ್ಯಾಗವಾಗುವುದು ಬಿಡುವವನು ಸ್ವತಂತ್ರನಾಗಿದ್ದಾಗ ಮಾತ್ರ. ಕಿತ್ತುಕೊಂಡದ್ದಕ್ಕೆ ತ್ಯಾಗವೆಂದು ಹೆಸರಿಟ್ಟರೆ ಅದು ಶುಭಸಂದೇಶಕ್ಕೆ ಬಗೆದ ದ್ರೋಹ.

ಮುಂಡಗೋಡಿನ ಟಿಬೆಟನ್ ವಸಾಹತನ್ನೂ ಈ ಸಂದರ್ಭದಲ್ಲಿ ನೆನೆಯಬಹುದು. ಮನೆಮಠಗಳನ್ನು ಬಿಟ್ಟು ಬಂದ ಆ ಜನ 1966ರ ನಂತರ ಈ ಮಣ್ಣಿನಲ್ಲಿ ಡ್ರೆಪುಂಗ್, ಗಂದೆನ್ ಮಠಗಳನ್ನು ಮತ್ತೆ ಕಟ್ಟಿದರು. ಅನಿತ್ಯತೆಯನ್ನು ಬೋಧಿಸುವ ಧರ್ಮದವರೇ ಆದರೂ ತಮ್ಮ ಗ್ರಂಥ, ಹೆಸರು, ವಾದ್ಯಗಳನ್ನು ಅವರು ಬಿಡಲಿಲ್ಲ. ಅನಾಸಕ್ತಿಯೆಂದರೆ ನೆನಪಿನ ನಾಶವಲ್ಲ ಎಂಬುದನ್ನು ನೆರೆಹೊರೆಯಿಂದಲೂ ಕಲಿಯಬಹುದು. ಯೊರ್ದಾನನ್ನು ದಾಟಿದ ಇಸ್ರಯೇಲರು ನದಿಯ ತಳದಿಂದ 12 ಕಲ್ಲುಗಳನ್ನು ಹೊತ್ತು ತಂದು ನಿಲ್ಲಿಸಿದ್ದು, ಮುಂದೆ ಮಕ್ಕಳು ಇವೇನೆಂದು ಕೇಳಲಿ ಎಂದೇ.

6. ಪಾಲನಾ ಸೇವೆಗೆ ಕೆಲವು ಮಾತು

ಫೆಂಗ್‌ಶುಯಿಯನ್ನು ಟೀಕಿಸುವ ಮುನ್ನ ನಮ್ಮ ಮನೆಯನ್ನೂ ನೋಡಿಕೊಳ್ಳಬೇಕು. ಮಂತ್ರಿಸಿದ ಉಪ್ಪನ್ನು ನಾಲ್ಕು ಮೂಲೆಗಳಿಗೆ ಚೆಲ್ಲಿದರೆ ಸಾಲ ತೀರುತ್ತದೆ ಎನ್ನುವವರೂ, ಮನೆ ಬೇಗ ಮಾರಾಟವಾಗಲೆಂದು ಸಂತ ಜೋಸೆಫರ ಪ್ರತಿಮೆಯನ್ನು ಹಿತ್ತಲಲ್ಲಿ ಹೂಳುವವರೂ ಮಾಡುತ್ತಿರುವುದು ಶಿಲುಬೆಯ ಗುರುತುಳ್ಳ ಫೆಂಗ್‌ಶುಯಿಯನ್ನೇ. ಕಪ್ಪೆಯ ಬದಲು ಪದಕ ಬಂತಷ್ಟೆ, ಹೃದಯ ತಿರುಗಲಿಲ್ಲ. ಎರಡನೆಯ ವ್ಯಾಟಿಕನ್ ಮಹಾಸಭೆ 1963ರ ದೈವಾರಾಧನಾ ಸಂವಿಧಾನದಲ್ಲಿ ಲೌಕಿಕ ವಸ್ತುಗಳ ಯೋಗ್ಯ ಬಳಕೆ ಬಹುಮಟ್ಟಿಗೆ ಎಲ್ಲವೂ ಮಾನವನ ಪವಿತ್ರೀಕರಣಕ್ಕೂ ದೇವರ ಸ್ತುತಿಗೂ ಒದಗಬಲ್ಲದು ಎಂದು ಬೋಧಿಸಿತು. ಮನೆ ಆಶೀರ್ವಾದದ ವಿಧಿ ವಸ್ತುಗಳಿಗೆ ಶಕ್ತಿ ತುಂಬುವ ತಂತ್ರವಲ್ಲ. ಆ ಮನೆಯಲ್ಲಿ ಬಾಳುವವರನ್ನು ದೇವರ ಕೈಗೊಪ್ಪಿಸುವ ಪ್ರಾರ್ಥನೆ. ವಿಧಾನಸೌಧದಲ್ಲಿ ವಾಸ್ತುವಿನ ಕಾರಣಕ್ಕೆ ಮುಚ್ಚಿದ್ದ ದಕ್ಷಿಣದ ಬಾಗಿಲೊಂದನ್ನು 2023ರಲ್ಲಿ ಮುಖ್ಯಮಂತ್ರಿಗಳು ತೆರೆಸಿ ಒಳಹೋದದ್ದು ಸುದ್ದಿಯಾಯಿತು. ಕ್ರಿಸ್ತನೇ ಬಾಗಿಲೆಂದು ನಂಬಿದವರಿಗೆ ದಿಕ್ಕುಗಳ ಭಯ ಅದಕ್ಕಿಂತಲೂ ಕಡಿಮೆ ಇರಬೇಕಲ್ಲವೇ?

ಹಾಗಾದರೆ ಸಾಮಾನಿನ ರಾಶಿಯ ನಡುವೆ ಉಸಿರುಗಟ್ಟಿ ಕುಳಿತವರಿಗೆ ನಾವು ಕೊಡಬೇಕಾದದ್ದೇನು? ಮೂರು ಪ್ರಶ್ನೆಗಳನ್ನು ಕೊಡಬಹುದು. ಇದನ್ನು ಇಟ್ಟುಕೊಂಡಿರುವುದು ಆಸೆಯಿಂದಲೋ, ಭಯದಿಂದಲೋ, ಪ್ರೀತಿಯಿಂದಲೋ? ಇದು ಈಗ ಯಾರಿಗೆ ಸೇರಬೇಕಾದದ್ದು? ಇದನ್ನು ಇಟ್ಟುಕೊಂಡರೂ ಬಿಟ್ಟರೂ ದೇವರನ್ನು ಸ್ತುತಿಸಬಲ್ಲೆನೇ? ಮೂರನೆಯದು ಲೊಯೊಲಾದ ಸಂತ ಇಗ್ನೇಷಿಯಸ್ ‘ಆಧ್ಯಾತ್ಮಿಕ ಸಾಧನೆ’ಗಳ ಆರಂಭದಲ್ಲಿ ಕಲಿಸುವ ಸಮಚಿತ್ತತೆಯೇ. ಸತ್ತವರ ಬಟ್ಟೆಬರೆಯ ವಿಷಯದಲ್ಲಿ ಅವಸರ ಮಾಡಬಾರದು. ಗಂಡನ ಅಂಗಿಯನ್ನು ವರ್ಷದವರೆಗೆ ಮೊಳೆಯಿಂದ ತೆಗೆಯದ ಹೆಂಗಸಿಗೆ ಶಕ್ತಿಯ ಪಾಠ ಬೇಡ, ಬಂದು ಕುಳಿತುಕೊಳ್ಳುವ ಜನ ಬೇಕು. ಅವಳ ಕಾಲ ಬಂದಾಗ ಆ ಅಂಗಿ ಯಾರದೋ ಮೈ ಮುಚ್ಚಲಿ ಎಂದು ಅವಳೇ ತೆಗೆದುಕೊಡುತ್ತಾಳೆ. ಸತ್ತವರಿಗಾಗಿ ಪೂಜಾರ್ಪಣೆ ಸಲ್ಲಿಸುವ ದಿನ ಅವರ ಹೆಸರಿನಲ್ಲಿ ಉಡುಪು, ಪಾತ್ರೆಗಳನ್ನು ಬಡವರಿಗೆ ಕೊಡುವ ಪದ್ಧತಿಯನ್ನು ಧರ್ಮಕೇಂದ್ರಗಳಲ್ಲಿ ಬೆಳೆಸಿದರೆ ಶೋಕಕ್ಕೂ ದಾನಕ್ಕೂ ಒಂದೇ ಬಾಗಿಲು ತೆರೆದಂತಾಗುತ್ತದೆ.

ಕಿಂಗ್‌ಸ್ಟನ್ ಪುಸ್ತಕವನ್ನು ಓದಬಾರದೆಂದು ಹೇಳುವ ಅಗತ್ಯವಿಲ್ಲ. ಮನೆಯ ಗುಡಿಸುವಿಕೆಗೂ ಮನಸ್ಸಿಗೂ ನಂಟಿದೆ ಎಂಬುದನ್ನು ಅದು ಸರಿಯಾಗಿಯೇ ಕಂಡಿದೆ. ಆದರೆ ಶುಭಸಂದೇಶದಲ್ಲಿಯೂ ದೀಪ ಹಚ್ಚಿ ಮನೆ ಗುಡಿಸುವ ಹೆಂಗಸೊಬ್ಬಳಿದ್ದಾಳೆ. ಅವಳು ಗುಡಿಸಿದ್ದು ಹೊರಹಾಕಲಿಕ್ಕಲ್ಲ, ಕಳೆದುಹೋದ ನಾಣ್ಯವನ್ನು ಹುಡುಕಲಿಕ್ಕೆ. ಸಿಕ್ಕಾಗ ಒಬ್ಬಳೇ ನೆಮ್ಮದಿಯಿಂದ ಕುಳಿತುಕೊಳ್ಳಲಿಲ್ಲ. ನೆರೆಹೊರೆಯವರನ್ನು ಕರೆದು ಸಂತೋಷಪಟ್ಟಳು. ಸಂತ ಪೌಲ ಹೇಳುವಂತೆ ನಾವು ನಿಧಿಯನ್ನು ಹೊತ್ತ ಮಣ್ಣಿನ ಮಡಕೆಗಳು. ಮಡಕೆಯ ಬೆಲೆ ಅದು ಎಷ್ಟು ಖಾಲಿಯಾಗಿದೆ ಎಂಬುದರಲ್ಲಿಲ್ಲ, ಯಾರ ಬಾಯಾರಿಕೆಗೆ ನೀರು ಹೊತ್ತು ತರುತ್ತದೆ ಎಂಬುದರಲ್ಲಿದೆ.